ಗೌರವಧನದ ಕೆಲಸದಲ್ಲಿ ಗಾಯವಾದರೆ ಪರಿಹಾರ ಕೇಳುವುದು ಹೇಗೆ?

"ಹೆಂಗಾತು?" ಅಂತ ಡ್ಯೂಟಿ ಡಾಕ್ಟರು ಕೇಳಿದರು. "ಗಾಡಿಮ್ಯಾಗಿಂದ ಬಿದ್ದಾಳ್ರೀ ಸರ" ಅಂದ ನಮ್ಮಣ್ಣ. ಡಾಕ್ಟರು ಚೀಟಿಯಲ್ಲಿ ಎರಡೇ ಪದ ಬರೆದರು: ಸೆಲ್ಫ್ ಫಾಲ್. ಅಂದರೆ ತಾನಾಗಿಯೇ ಬಿದ್ದದ್ದು. ಅಣ್ಣ ಸುಳ್ಳು ಹೇಳಿರಲಿಲ್ಲ. ಡಾಕ್ಟರು ಕೇಳಿದ್ದನ್ನೇ ಬರೆದಿದ್ದರು. ಆದರೆ ಆ ಎರಡು ಪದದ ಜೊತೆ ನಾವು ಒಂದೂವರೆ ವರ್ಷ ಗುದ್ದಾಡಬೇಕಾಯಿತು.

ಬಿದ್ದದ್ದು ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ. ಬಾಗಲಕೋಟೆ ಜಿಲ್ಲೆಯ ಜಮಖಂಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. 2023ರ ಡಿಸೆಂಬರ್, ಕಬ್ಬಿನ ಹಂಗಾಮು. ರಾತ್ರಿ ಎರಡರ ಸುಮಾರಿಗೆ ಒಂದು ತೋಟದ ಮನೆಯಿಂದ ಫೋನ್ ಬಂತು, ಸೊಸೆಗೆ ನೋವು ಶುರುವಾಗಿದೆ ಅಂತ. ವೈನಿ 108ಕ್ಕೆ ಫೋನ್ ಮಾಡಿದರು. ಆಂಬುಲೆನ್ಸ್ ತೋಟದ ದಾರಿ ಹುಡುಕುತ್ತ ಹೊತ್ತು ಕಳೆಯಬಾರದು ಅಂತ ಅಣ್ಣನ ಬೈಕ್ ಹತ್ತಿ ತಾವೇ ಮುಂದೆ ಹೊರಟರು. ದಾರಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಪಂಕ್ಚರಾಗಿ ನಿಂತಿತ್ತು. ಹಿಂದೆ ಎರಡು ಟ್ರೇಲರು. ಒಂದಕ್ಕೂ ದೀಪವಿಲ್ಲ, ರಿಫ್ಲೆಕ್ಟರ್ ಇಲ್ಲ. ಈ ಭಾಗದಲ್ಲಿ ಚಳಿಗಾಲದ ರಾತ್ರಿ ಗಾಡಿ ಓಡಿಸಿದವರಿಗೆ ಜಾಸ್ತಿ ಹೇಳಬೇಕಿಲ್ಲ. ಅಣ್ಣ ಕೊನೆ ಗಳಿಗೆಯಲ್ಲಿ ಹ್ಯಾಂಡಲ್ ತಿರುಗಿಸಿದ. ಬೈಕು ಟ್ರೇಲರಿನ ಮೂಲೆಗೆ ಸವರಿತು. ವೈನಿಯ ಬಲ ಮುಂಗೈ ಎರಡು ಕಡೆ ಮುರಿಯಿತು.

ಮರುದಿನ ಆಸ್ಪತ್ರೆಗೆ ನೋಡಲು ಬಂದ ಒಬ್ಬರು ಹೇಳಿದರು, "ನೀವು ನೌಕರರಲ್ಲವ್ವಾ, ಸ್ವಯಂಸೇವಕಿ. ಪರಿಹಾರ ಗಿರಿಹಾರ ಏನೂ ಬರೂದಿಲ್ಲ." ಇದು ಅರ್ಧ ನಿಜ. ಉಳಿದರ್ಧ ಗೊತ್ತಿಲ್ಲದೆ ಎಷ್ಟೋ ಜನ ಮನೆಯಲ್ಲೇ ಕುಳಿತುಬಿಡುತ್ತಾರೆ. ಆ ಉಳಿದರ್ಧಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಆಶಾ, ಅಂಗನವಾಡಿ ಕಾರ್ಯಕರ್ತೆ, ಸಹಾಯಕಿ, ಬಿಸಿಯೂಟದ ಅಡುಗೆಯವರು, ಹೊಳೆ ಬಂದಾಗ ದೋಣಿ ಹಿಡಿದು ಹೋಗುವ ಹುಡುಗರು, ಇವರೆಲ್ಲ ಸರ್ಕಾರದ ಕೆಲಸ ಮಾಡುತ್ತಾರೆ. ಆದರೆ ಇವರಿಗೆ ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. ಕೆಲವರಿಗೆ ಅದೂ ಇಲ್ಲ. ಹಾಗಾಗಿ ಗಾಯವಾದ ಮೇಲೆ ಮೊದಲು ಎದುರಾಗುವುದು "ನೀವು ನೌಕರರಾ?" ಅನ್ನುವ ಪ್ರಶ್ನೆ. ನನ್ನ ಸಲಹೆ ಇಷ್ಟೇ. ಈ ಪ್ರಶ್ನೆಯನ್ನೇ ಕೇಳದ ಬಾಗಿಲುಗಳಿವೆ. ಅವನ್ನು ಮೊದಲು ತಟ್ಟಿ. ಕೇಳುವ ಬಾಗಿಲಿಗೆ ಆಮೇಲೆ, ಕಾಗದ ಜೋಡಿಸಿಕೊಂಡು ಹೋಗಿ.

ಮೊದಲ ದಿನ: ಚೀಟಿಯಲ್ಲಿ ಏನು ಬರೆಸಬೇಕು

ಆಸ್ಪತ್ರೆಗೆ ಹೋದ ಕೂಡಲೇ ಡಾಕ್ಟರಿಗೆ ನಾಲ್ಕು ವಿಷಯ ಹೇಳಿ: ಎಲ್ಲಿ, ಎಷ್ಟು ಗಂಟೆಗೆ, ಯಾವುದರಿಂದ, ಯಾವ ಕೆಲಸದ ಮೇಲೆ ಹೋಗುವಾಗ. "ಬಿದ್ದೆ" ಅಂದು ಸುಮ್ಮನಾಗಬೇಡಿ. "ಹೆರಿಗೆ ಕೇಸಿಗೆ ಹೋಗುವಾಗ, ದೀಪವಿಲ್ಲದೆ ನಿಂತಿದ್ದ ಟ್ರ್ಯಾಕ್ಟರಿಗೆ ತಗುಲಿ ಬಿದ್ದೆ" ಅಂತ ಪೂರ್ತಿ ಹೇಳಿ. ಅಡುಗೆಯವರಾದರೆ "ಶಾಲೆಯಲ್ಲಿ ಸಾರಿನ ಪಾತ್ರೆ ಇಳಿಸುವಾಗ" ಅನ್ನಿ. ನೋವಲ್ಲಿದ್ದವರಿಗೆ ಇದೆಲ್ಲ ನೆನಪಾಗಲ್ಲ, ನಿಜ. ಅದಕ್ಕೇ ಜೊತೆಗೆ ಬಂದವರಿಗೆ ಈ ಪಾಠ ಮೊದಲೇ ಗೊತ್ತಿರಬೇಕು.

ಎಂಎಲ್‌ಸಿ ಮಾಡಿಸಿ. ಅಂದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವ ಕೇಸು. "ಸುಮ್ನೆ ಪೊಲೀಸ್ ಯಾಕ್ರೀ, ನಮ್ಮೂರವರೇ ಅದಾರ" ಅನ್ನುವವರು ಇದ್ದೇ ಇರುತ್ತಾರೆ. ನಮ್ಮಲ್ಲೂ ಇದ್ದರು. ಹನ್ನೆರಡು ದಿನ ರಾಜಿ ಮಾತಾಡಿದೆವು. ರಾಜಿ ಆಗಲಿಲ್ಲ, ಎಫ್‌ಐಆರ್ ತಡವಾಯಿತು. ಕೊನೆಗೆ ವಿಮೆಯವರ ವಕೀಲರು ಕೇಳಿದ್ದು ಅದನ್ನೇ: ನಿಜವಾಗಿ ಟ್ರ್ಯಾಕ್ಟರು ಅಲ್ಲಿದ್ದರೆ ಹನ್ನೆರಡು ದಿನ ಏನು ಮಾಡುತ್ತಿದ್ದಿರಿ?

ಗಾಡಿಯ ಫೋಟೋ ತೆಗೆದಿಡಿ. ಟ್ರ್ಯಾಕ್ಟರಾದರೆ ಟ್ರೇಲರಿನ ನಂಬರೂ ಬೇಕು. ಟ್ರೇಲರಿಗೆ ನೋಂದಣಿಯೇ ಬೇರೆ. ಎಷ್ಟೋ ಸಲ ಟ್ರ್ಯಾಕ್ಟರಿಗೆ ವಿಮೆ ಇರುತ್ತದೆ, ಟ್ರೇಲರಿಗೆ ಇರುವುದಿಲ್ಲ.

ಇನ್ನು ಡ್ಯೂಟಿ ಮೇಲಿದ್ದಿರಿ ಅನ್ನೋದಕ್ಕೆ ಸಾಕ್ಷಿ. ನೌಕರರಿಗೆ ಹಾಜರಿ ಪುಸ್ತಕ ಇರುತ್ತದೆ. ರಾತ್ರಿ ಎರಡಕ್ಕೆ ಹೊರಟ ಆಶಾಗೆ ಯಾವ ಹಾಜರಿ ಪುಸ್ತಕ? ಅಂಥವರಿಗೆ ಫೋನೇ ಹಾಜರಿ ಪುಸ್ತಕ. 108ಕ್ಕೆ ಮಾಡಿದ ಕರೆ, ಗರ್ಭಿಣಿ ಮನೆಯಿಂದ ಬಂದ ಕರೆ, ಮೇಲಿನವರು ವಾಟ್ಸ್ಆಪ್ ಗುಂಪಿನಲ್ಲಿ ಹಾಕಿದ "ನಾಳೆ ಎಲ್ಲರೂ ಸರ್ವೆಗೆ ಹೋಗಬೇಕು" ಅನ್ನುವ ಸಂದೇಶ, ಇವನ್ನು ಅವತ್ತೇ ಸ್ಕ್ರೀನ್‌ಶಾಟ್ ತೆಗೆದು ಇನ್ನೊಬ್ಬರಿಗೆ ಕಳಿಸಿಡಿ. ಫೋನ್ ಕೆಟ್ಟರೂ ಉಳಿಯುತ್ತದೆ. ವೈನಿಯ ಕೇಸನ್ನು ಉಳಿಸಿದ್ದು 108ರ ಕರೆ, ಆ ಬಾಣಂತಿಯ ತಾಯಿ ಕಾರ್ಡಿನಲ್ಲಿದ್ದ ಹೆರಿಗೆಯ ತಾರೀಖು, ಮತ್ತು ಆಕೆಯ ಅತ್ತೆ ಕೋರ್ಟಿಗೆ ಬಂದು ಹೇಳಿದ ಸಾಕ್ಷಿ. ಹೆಣ್ಣುಮಗು ಹುಟ್ಟಿತ್ತು, ಹೇಳುವುದು ಮರೆತೆ.

ಮೂರು ದಿನದೊಳಗೆ: ಒಂದು ಅರ್ಜಿ

ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಆಶಾ ಆದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಅರ್ಜಿ, ತಾಲ್ಲೂಕು ಆರೋಗ್ಯಾಧಿಕಾರಿಗೆ ಪ್ರತಿ. ಅಂಗನವಾಡಿಯವರಾದರೆ ಮೇಲ್ವಿಚಾರಕಿ ಮೂಲಕ ಸಿಡಿಪಿಒಗೆ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ. ಬಿಸಿಯೂಟದವರಾದರೆ ಮುಖ್ಯ ಶಿಕ್ಷಕರಿಗೆ, ಪ್ರತಿ ತಾಲ್ಲೂಕಿನ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರಿಗೆ. ಬರೆಯುವುದು ಕಷ್ಟವಿಲ್ಲ:

"ವಿಷಯ: ಕರ್ತವ್ಯದ ವೇಳೆ ಗಾಯವಾದ ಬಗ್ಗೆ. ನಾನು ಇಂಥ ಊರಿನಲ್ಲಿ ಇಷ್ಟು ವರ್ಷದಿಂದ ಆಶಾ ಕಾರ್ಯಕರ್ತೆಯಾಗಿ ಕೆಲಸ ಮಾಡುತ್ತಿದ್ದೇನೆ. ಇಂಥ ದಿನ ಇಷ್ಟು ಗಂಟೆಗೆ ಇಂಥ ಕೆಲಸದ ಮೇಲೆ ಹೋಗುವಾಗ ಇಂಥ ಜಾಗದಲ್ಲಿ ಅಪಘಾತವಾಗಿ ಬಲಗೈ ಮುರಿದಿದೆ. ಇಂಥ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದೇನೆ. ನಾನು ಆ ವೇಳೆ ಕರ್ತವ್ಯದಲ್ಲಿದ್ದೆ ಎಂಬ ದೃಢೀಕರಣ ಕೊಡಬೇಕು, ನನಗೆ ಸಿಗಬೇಕಾದ ಪರಿಹಾರ ಮತ್ತು ಚಿಕಿತ್ಸಾ ವೆಚ್ಚದ ಬಗ್ಗೆ ಕ್ರಮ ಕೈಗೊಳ್ಳಬೇಕು."

ಇಷ್ಟು ಸಾಕು. ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. "ಇಟ್ಟು ಹೋಗವಾ, ನೋಡ್ತೀನಿ" ಅಂದರೆ ಜಗಳ ಬೇಡ, ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಹಳೇ ರಿಜಿಸ್ಟರ್ಡ್ ಪೋಸ್ಟ್ 2025ರ ಸೆಪ್ಟೆಂಬರ್‌ನಿಂದ ಸ್ಪೀಡ್ ಪೋಸ್ಟ್‌ನಲ್ಲೇ ಸೇರಿಹೋಗಿದೆ.

ಇದರ ಜೊತೆ ಒಂದು ಕಡತ ಮಾಡಿ: ಆಯ್ಕೆಯಾದ ಆದೇಶ, ಗುರುತಿನ ಚೀಟಿ, ಗೌರವಧನ ಜಮಾ ಆದ ಪಾಸ್‌ಬುಕ್ ಪುಟಗಳು, ಆಸ್ಪತ್ರೆಯ ಎಲ್ಲ ಬಿಲ್ಲು, ಡಿಸ್ಚಾರ್ಜ್ ಸಾರಾಂಶ, ಗಾಯದ ಪ್ರಮಾಣಪತ್ರ. ಎಕ್ಸ್‌ರೇ ಮಡಚಬೇಡಿ.

ಚಿಕಿತ್ಸೆಯ ಖರ್ಚು

ರಸ್ತೆ ಅಪಘಾತವಾದರೆ 2025ರ ಮೇ 5ರಿಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆ ಇದೆ. ಅಪಘಾತವಾದ ದಿನದಿಂದ 7 ದಿನದವರೆಗೆ, ಒಬ್ಬರಿಗೆ ₹1.5 ಲಕ್ಷದವರೆಗಿನ ಚಿಕಿತ್ಸೆ, ನಿಗದಿಯಾದ ಆಸ್ಪತ್ರೆಗಳಲ್ಲಿ. ಇದಕ್ಕೆ ನೀವು ಯಾರು, ತಪ್ಪು ಯಾರದು ಅನ್ನೋದು ಮುಖ್ಯವಲ್ಲ. 112ಕ್ಕೆ ಫೋನ್ ಮಾಡಿ, ಆಸ್ಪತ್ರೆಯಲ್ಲಿ ಈ ಯೋಜನೆಯ ಹೆಸರು ಹೇಳಿ ಕೇಳಿ.

ಆಶಾ, ಅಂಗನವಾಡಿ ಕಾರ್ಯಕರ್ತೆ ಮತ್ತು ಸಹಾಯಕಿಯರನ್ನು ಆಯುಷ್ಮಾನ್ ಭಾರತ್‌ಗೆ ಸೇರಿಸುವುದಾಗಿ 2024ರ ಫೆಬ್ರುವರಿಯ ಮಧ್ಯಂತರ ಬಜೆಟ್‌ನಲ್ಲಿ ಕೇಂದ್ರ ಹೇಳಿತು. ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಒಳರೋಗಿ ಚಿಕಿತ್ಸೆ. ಕಾರ್ಡ್ ಇಲ್ಲದವರು ಇವತ್ತೇ ಮಾಡಿಸಿಕೊಳ್ಳಿ, ಗಾಯವಾದ ಮೇಲೆ ಓಡಾಡುವುದಲ್ಲ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಕೂತಿರುತ್ತಾರೆ, ಬಿಲ್ಲಿನ ಕೌಂಟರಿಗಿಂತ ಮೊದಲು ಅವರ ಹತ್ತಿರ ಹೋಗಿ. ಆದರೆ ನೆನಪಿರಲಿ, ಇದು ಚಿಕಿತ್ಸೆ ಮಾತ್ರ. ಕೈಗೆ ದುಡ್ಡು ಬರುವ ಯೋಜನೆಯಲ್ಲ.

"ನೀವು ನೌಕರರಾ?" ಅಂತ ಕೇಳದ ಬಾಗಿಲುಗಳು

ಮೊದಲನೆಯದು ಮೋಟಾರು ಅಪಘಾತ ನ್ಯಾಯಮಂಡಳಿ. ರಸ್ತೆಯಲ್ಲಿ ಬೇರೆ ಗಾಡಿಯಿಂದ ಗಾಯವಾದರೆ ಇದೇ ಮುಖ್ಯ ದಾರಿ. ಅರ್ಜಿಯನ್ನು ಅಪಘಾತವಾದ ಕಡೆಯಾಗಲಿ, ನೀವು ವಾಸಿಸುವ ಕಡೆಯಾಗಲಿ ಹಾಕಬಹುದು. 2022ರ ಏಪ್ರಿಲ್‌ನಿಂದ ಇದಕ್ಕೆ ಆರು ತಿಂಗಳ ಗಡುವಿದೆ. "ಕೈ ಪೂರ್ತಿ ವಾಸಿಯಾಗಲಿ, ಆಮೇಲೆ ನೋಡೋಣ" ಅಂತ ಕೂತರೆ ಗಡುವು ದಾಟುತ್ತದೆ. ನಾವು ಐದನೇ ತಿಂಗಳಲ್ಲಿ ಹಾಕಿದೆವು, ಅದೂ ಸಂಬಂಧಿಕರೊಬ್ಬರು ಬೈದ ಮೇಲೆ. ಎದುರಿನ ಗಾಡಿಯ ತಪ್ಪು ಸಾಬೀತು ಮಾಡುವುದು ಕಷ್ಟ ಅನ್ನಿಸಿದರೆ, ತಪ್ಪಿನ ಪ್ರಶ್ನೆ ಎತ್ತದೆ ನಿಗದಿತ ಮೊತ್ತ ಪಡೆಯುವ ದಾರಿಯೂ ಇದೆ: ಸಾವಿಗೆ ₹5 ಲಕ್ಷ, ತೀವ್ರ ಗಾಯಕ್ಕೆ ₹2.5 ಲಕ್ಷ. ಗುದ್ದಿದ ಗಾಡಿ ಯಾವುದೆಂದೇ ಗೊತ್ತಾಗದಿದ್ದರೆ ಹಿಟ್ ಅಂಡ್ ರನ್ ಪರಿಹಾರ: ಸಾವಿಗೆ ₹2 ಲಕ್ಷ, ತೀವ್ರ ಗಾಯಕ್ಕೆ ₹50 ಸಾವಿರ. ಇದಕ್ಕೆ ಕೋರ್ಟು ಬೇಡ, ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರ್ ಕಚೇರಿಯಲ್ಲಿ ಕೇಳಿ.

ಎರಡನೆಯದು ಬ್ಯಾಂಕಿನ ವಿಮೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ ₹20, ವಯಸ್ಸು 18ರಿಂದ 70. ಜೀವನ್ ಜ್ಯೋತಿ ಅನ್ನುವ ಜೀವ ವಿಮೆಗೆ ₹436, ವಯಸ್ಸು 18ರಿಂದ 50. ಎರಡೂ ಜೂನ್ 1ರಿಂದ ಮೇ 31ರವರೆಗೆ. ಆಶಾಗಳನ್ನು 2018ರಲ್ಲಿ ಈ ಎರಡಕ್ಕೂ ಸೇರಿಸಿ ಕಂತನ್ನು ಸರ್ಕಾರವೇ ಕಟ್ಟುವುದು ಅಂತಾಯಿತು. ಅಂಗನವಾಡಿಯವರಿಗೂ ಅದೇ ವ್ಯವಸ್ಥೆ ಇದೆ. ಆದರೆ ಯೋಜನೆಯಲ್ಲಿ ಹೆಸರಿದೆ ಅಂದ ಮಾತ್ರಕ್ಕೆ ನಿಮ್ಮ ಖಾತೆಗೆ ವಿಮೆ ಇದೆ ಅಂತಲ್ಲ. ಮೇ ಕೊನೆಯಲ್ಲಿ ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡಿ. ಅನುಮಾನವಿದ್ದರೆ ಬ್ಯಾಂಕಿನಲ್ಲಿ ಕೇಳಿ, ₹20 ತಾನೇ, ನೀವೇ ಕಟ್ಟಿ. ಎರಡು ಬ್ಯಾಂಕಿನಲ್ಲಿ ಕಟ್ಟಿದರೂ ಸಿಗುವುದು ಒಂದೇ ವಿಮೆ, ಅಷ್ಟು ತಿಳಿದಿರಲಿ.

ಸುರಕ್ಷಾ ಬಿಮಾದ ಬಗ್ಗೆ ಜನರಲ್ಲಿ ದೊಡ್ಡ ತಪ್ಪು ತಿಳಿವಳಿಕೆ ಇದೆ. ಕೈ ಮುರಿದರೆ ದುಡ್ಡು ಬರಲ್ಲ. ಅಪಘಾತದಲ್ಲಿ ಸತ್ತರೆ ಅಥವಾ ಎರಡೂ ಕಣ್ಣು, ಎರಡೂ ಕೈ, ಎರಡೂ ಕಾಲು ಹೋದರೆ, ಇಲ್ಲವೇ ಒಂದು ಕಣ್ಣಿನ ಜೊತೆ ಒಂದು ಕೈಯೋ ಕಾಲೋ ಹೋದರೆ ₹2 ಲಕ್ಷ. ಒಂದು ಕಣ್ಣು ಅಥವಾ ಒಂದು ಕೈ, ಕಾಲು ಪೂರ್ತಿ, ಮತ್ತೆ ಬರದಂತೆ ಹೋದರೆ ₹1 ಲಕ್ಷ. ವೈನಿಯ ಕೈಗೆ ರಾಡ್ ಹಾಕಿದ್ದರು, ಕೈ ಇತ್ತು. ಹಾಗಾಗಿ ಇಲ್ಲಿ ಏನೂ ಬರಲಿಲ್ಲ. ಆದರೆ ಹಾವು ಕಚ್ಚಿ ಸತ್ತರೆ ಇದು ಅನ್ವಯಿಸುತ್ತದೆ. ಅಂಥ ಪ್ರಕರಣದಲ್ಲಿ ಎಫ್‌ಐಆರ್ ಬದಲು ತಕ್ಷಣದ ಆಸ್ಪತ್ರೆ ದಾಖಲೆ ಸಾಕಾಗುತ್ತದೆ. ತೋಟದ ಮನೆಗಳಿಗೆ ಓಡಾಡುವವರು ಇದನ್ನು ಮನೆಯವರಿಗೆ ಹೇಳಿಡಿ. ಖಾತೆ ಇರುವ ಬ್ಯಾಂಕ್ ಶಾಖೆಗೇ ಅರ್ಜಿ ಕೊಡಬೇಕು, 30 ದಿನದೊಳಗೆ ಕೊಟ್ಟರೆ ಒಳ್ಳೆಯದು.

ಮೂರನೆಯದು ಅಡುಗೆಮನೆಯವರದು. ಬಾಗಲಕೋಟೆ, ವಿಜಯಪುರ ಸೇರಿ ರಾಜ್ಯದ ಏಳು ಜಿಲ್ಲೆಗಳಲ್ಲಿ 2002ರ ಜೂನ್ 1ರಂದು ಬಿಸಿಯೂಟ ಮೊದಲು ಶುರುವಾಯಿತು. ಅವತ್ತಿನಿಂದ ಇವತ್ತಿನವರೆಗೂ ಅಡುಗೆಯವರ ಮೊಣಕೈಗಳ ಮೇಲೆ ಸುಟ್ಟ ಕಲೆ ಇದ್ದೇ ಇದೆ. ಗ್ಯಾಸ್ ಸಿಲಿಂಡರಿನಿಂದಲೇ ಬೆಂಕಿ ತಗುಲಿದ್ದರೆ ತೈಲ ಕಂಪನಿಗಳು ಗ್ರಾಹಕರಿಗಾಗಿ ಮಾಡಿಸಿರುವ ವಿಮೆ ಇದೆ. ಸಾವಿಗೆ ₹6 ಲಕ್ಷ, ಚಿಕಿತ್ಸೆಗೆ ಒಬ್ಬರಿಗೆ ₹2 ಲಕ್ಷದವರೆಗೆ. ಇದಕ್ಕೆ ಕಂತು ಕಟ್ಟಬೇಕಿಲ್ಲ. ಮುಖ್ಯ ಶಿಕ್ಷಕರ ಮೂಲಕ ಗ್ಯಾಸ್ ಏಜೆನ್ಸಿಗೆ ಅವತ್ತೇ ಬರವಣಿಗೆಯಲ್ಲಿ ತಿಳಿಸಬೇಕು. ರೆಗ್ಯುಲೇಟರ್, ಪೈಪು ಎಸೆಯಬೇಡಿ, ನೋಡಲು ಬರುತ್ತಾರೆ. ಬಿಸಿ ಸಾರು ಚೆಲ್ಲಿ ಸುಟ್ಟಿದ್ದರೆ ಇದು ಬರುವುದಿಲ್ಲ. ಅದಕ್ಕೆ ಅಕ್ಷರ ದಾಸೋಹ ಕಚೇರಿಗೆ ಕೊಟ್ಟ ಅರ್ಜಿಯನ್ನೇ ಬೆನ್ನು ಹತ್ತಬೇಕು.

ನಾಲ್ಕನೆಯದು ಹೊಳೆ ಬಂದಾಗಿನದು. 2019ರ ಆಗಸ್ಟ್ ಯಾರು ಮರೆತಿದ್ದಾರೆ? ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಬಂದವು. ಗೋಕಾಕ, ಮುಧೋಳ, ರಾಮದುರ್ಗ ಕಡೆ ಊರ ಹುಡುಗರು ಹಗ್ಗ, ಟ್ಯೂಬು ಹಿಡಿದು ನೀರಿಗಿಳಿದರು. ಅವರಿಗೆ ಗೌರವಧನವೂ ಇರಲಿಲ್ಲ. ವಿಪತ್ತು ಪರಿಹಾರ ನಿಧಿಯ ನಿಯಮದಲ್ಲಿ ಪ್ರವಾಹದಿಂದ ಸತ್ತವರ ಕುಟುಂಬಕ್ಕೆ ₹4 ಲಕ್ಷ ಇದೆ. ರಕ್ಷಣಾ ಕೆಲಸದಲ್ಲಿದ್ದು ಸತ್ತವರಿಗೂ ಅದು ಸಲ್ಲುತ್ತದೆ ಅಂತ ನಿಯಮವೇ ಹೇಳುತ್ತದೆ. 2022ರಿಂದ 2026ರ ಅವಧಿಯ ದರದಂತೆ ಶೇ 40ರಿಂದ 60ರ ಅಂಗವೈಕಲ್ಯಕ್ಕೆ ₹74 ಸಾವಿರ, ಶೇ 60 ದಾಟಿದರೆ ₹2.5 ಲಕ್ಷ. ವಾರಕ್ಕಿಂತ ಜಾಸ್ತಿ ಆಸ್ಪತ್ರೆಯಲ್ಲಿದ್ದರೆ ₹16 ಸಾವಿರ, ಕಡಿಮೆಯಾದರೆ ₹5,400. ತಹಶೀಲ್ದಾರ್ ಕಚೇರಿಗೆ ಅರ್ಜಿ, ಸರ್ಕಾರಿ ವೈದ್ಯರ ಪ್ರಮಾಣಪತ್ರ. ನೀರಿಗಿಳಿಯುವ ಮೊದಲು ಗ್ರಾಮ ಆಡಳಿತ ಅಧಿಕಾರಿಗೋ (ಮೊದಲಿನ ಗ್ರಾಮ ಲೆಕ್ಕಿಗ) ಪಿಡಿಒಗೋ ಒಂದು ಮೆಸೇಜ್ ಹಾಕಿ: "ನಾವು ಇಂಥಿಂಥವರು ಇಂಥ ಓಣಿಗೆ ಹೋಗ್ತಿದ್ದೀವಿ." ಆ ಗಡಿಬಿಡಿಯಲ್ಲಿ ಮೆಸೇಜಾ ಅಂತ ನಗಬೇಡಿ. ಹತ್ತು ಸೆಕೆಂಡಿನ ಕೆಲಸ.

ಚುನಾವಣೆ ಕೆಲಸಕ್ಕೆ ಹೋದವರದು ಬೇರೆ. ಘೋಷಣೆಯಾದ ದಿನದಿಂದ ಫಲಿತಾಂಶದವರೆಗೆ, ತರಬೇತಿಗೆ ಅಂತ ಮನೆ ಬಿಟ್ಟಾಗಿನಿಂದ ಮನೆ ಸೇರುವವರೆಗೆ ಡ್ಯೂಟಿ ಅಂತಲೇ ಲೆಕ್ಕ. ಸಾವಾದರೆ ಕನಿಷ್ಠ ₹15 ಲಕ್ಷ, ಬಾಂಬು, ಗುಂಡಿನಂಥ ಹಿಂಸೆಯಿಂದಾದರೆ ₹30 ಲಕ್ಷ, ಕೈಕಾಲು, ಕಣ್ಣು ಶಾಶ್ವತವಾಗಿ ಹೋದರೆ ₹7.5 ಲಕ್ಷ. ಡ್ಯೂಟಿ ಆದೇಶದ ಪ್ರತಿ ಮನೆಯಲ್ಲಿಟ್ಟು ಹೋಗಿ, ಜೇಬಿನಲ್ಲಲ್ಲ.

ಪ್ರಶ್ನೆ ಕೇಳುವ ಬಾಗಿಲು

ಈಗ ಕಷ್ಟದ ಭಾಗ. ಕೆಲಸದಲ್ಲಿ ಗಾಯವಾದವರಿಗೆ ಕೆಲಸ ಕೊಟ್ಟವರೇ ಪರಿಹಾರ ಕೊಡಬೇಕು ಅನ್ನುವ ಕಾನೂನು 1923ರಿಂದಲೂ ಇದೆ. 2025ರ ನವೆಂಬರ್ 21ರಂದು ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂತು. ಅದಕ್ಕಿಂತ ಹಿಂದಿನ ಅಪಘಾತಕ್ಕೆ ಹಳೇ ಕಾಯ್ದೆಯನ್ನೇ ನೋಡಬೇಕು. ಎರಡರಲ್ಲೂ ತಿರುಳು ಒಂದೇ. ನೀವು ವೇತನದ ಮೇಲೆ ಕೆಲಸ ಮಾಡುವವರಾಗಿರಬೇಕು. ಗಾಯ ಕೆಲಸದಿಂದ, ಕೆಲಸದ ವೇಳೆ ಆಗಿರಬೇಕು. ಮೂರು ದಿನಕ್ಕಿಂತ ಜಾಸ್ತಿ ಕೆಲಸ ಮಾಡಲಾಗದಂತೆ ಆಗಿರಬೇಕು. ಎರಡು ವರ್ಷದೊಳಗೆ ಕೇಳಬೇಕು.

ಜಗಳ ಇರುವುದು "ವೇತನ" ಅನ್ನುವ ಒಂದು ಪದದ ಮೇಲೆ. 2006ರಲ್ಲಿ ನಮ್ಮ ರಾಜ್ಯದ್ದೇ ಒಂದು ಕೇಸಿನಲ್ಲಿ, ಅಂಗನವಾಡಿ ಕಾರ್ಯಕರ್ತೆಯರದು ಸಿವಿಲ್ ಹುದ್ದೆಯಲ್ಲ, ಅಂದರೆ ಸರ್ಕಾರಿ ನೌಕರಿಯಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಕಚೇರಿಗಳಲ್ಲಿ "ನೀವು ನೌಕರರಲ್ಲ" ಅನ್ನುವ ಮಾತಿಗೆ ದೊಡ್ಡ ಬೆಂಬಲ ಈ ತೀರ್ಪು. ಆದರೆ 2022ರ ಏಪ್ರಿಲ್‌ನಲ್ಲಿ ಗುಜರಾತಿನ ಕೇಸೊಂದರಲ್ಲಿ ಅದೇ ಕೋರ್ಟು, ಅಂಗನವಾಡಿ ಕಾರ್ಯಕರ್ತೆಯರಿಗೆ, ಸಹಾಯಕಿಯರಿಗೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡುವ ಇಡುಗಂಟು) ಕೊಡಬೇಕು, ಗೌರವಧನ ಅಂತ ಕರೆದರೂ ಅದು ವೇತನವೇ ಅಂತ ಹೇಳಿತು. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಅಭಯ್ ಓಕಾ ಅದಕ್ಕೆ ಮೊದಲು ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. ಅದು ಗ್ರಾಚ್ಯುಟಿ ಕಾಯ್ದೆಯ ತೀರ್ಪು, ಗಾಯದ ಪರಿಹಾರದ್ದಲ್ಲ. ಆದರೂ ಹೆಸರು ಬದಲಿಸಿದ ಮಾತ್ರಕ್ಕೆ ಕೂಲಿ ಗೌರವವಾಗಿಬಿಡಲ್ಲ ಅನ್ನುವ ವಾದಕ್ಕೆ ಇದಕ್ಕಿಂತ ಗಟ್ಟಿ ಆಧಾರ ಬೇರೆ ಇಲ್ಲ. ನಿಮ್ಮ ವಕೀಲರಿಗೆ ಇದನ್ನು ನೆನಪಿಸಿ. ಕೆಲಸ ಕಲಿಯಲು ಸೇರಿದ ಅಪ್ರೆಂಟಿಸ್‌ಗಳಿಗೆ ಈ ತಲೆನೋವಿಲ್ಲ, 1961ರ ಅಪ್ರೆಂಟಿಸ್ ಕಾಯ್ದೆಯೇ ಅವರಿಗೆ ಪರಿಹಾರ ಕೊಡಬೇಕು ಅನ್ನುತ್ತದೆ. ಪೈಸೆಯೂ ಪಡೆಯದ ಸ್ವಯಂಸೇವಕರಿಗೆ ಮಾತ್ರ ಈ ಬಾಗಿಲು ತೆರೆಯುವುದು ಬಹಳ ಕಷ್ಟ. ಅವರು ಮೇಲಿನ ನಾಲ್ಕು ದಾರಿಗಳನ್ನೇ ನೋಡಬೇಕು.

ಇನ್ನೊಂದು ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಮನೆಯಿಂದ ಹೋಗುವ ದಾರಿಯಲ್ಲಿ ಬಿದ್ದರೆ? ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ವಾಚ್‌ಮನ್ 2003ರಲ್ಲಿ ಬೆಳಗಿನ ಜಾವ ಮೂರರ ಪಾಳಿಗೆ ಬೈಕಿನಲ್ಲಿ ಹೋಗುವಾಗ ಸತ್ತರು. ಕಾರ್ಖಾನೆ ಇನ್ನೂ ಐದು ಕಿಲೋಮೀಟರ್ ದೂರವಿತ್ತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ದಾರಿಗೂ ಕೆಲಸಕ್ಕೂ ಸಂಬಂಧ ತೋರಿಸಿದರೆ ಅದೂ ಕೆಲಸದ ಅಪಘಾತವೇ ಅಂದಿತು. ಇಪ್ಪತ್ತೆರಡು ವರ್ಷ ಬೇಕಾಯಿತು ನೋಡಿ. ಹೊಸ ಸಂಹಿತೆಯಲ್ಲಿ ಈ ಮಾತು ನೇರವಾಗಿಯೇ ಇದೆ.

ಎಷ್ಟು ಸಿಗಬಹುದು? ಸುಮ್ನೆ ಲೆಕ್ಕಕ್ಕೆ ತಿಂಗಳಿಗೆ ₹10 ಸಾವಿರ, ವಯಸ್ಸು 40 ಅಂತ ಇಟ್ಟುಕೊಳ್ಳಿ. ಆ ವಯಸ್ಸಿಗೆ ಕಾಯ್ದೆಯ ಪಟ್ಟಿಯಲ್ಲಿರುವ ಗುಣಕ 184.17. ಪೂರ್ತಿ ಶಾಶ್ವತ ಅಂಗವೈಕಲ್ಯವಾದರೆ ವೇತನದ ಶೇ 60, ಅಂದರೆ 6,000 ಗುಣಿಸು 184.17, ₹11,05,020. ಸಾವಾದರೆ ಶೇ 50ರ ಲೆಕ್ಕದಲ್ಲಿ ₹9,20,850. ಹೆಬ್ಬೆರಳು ಹೋದರೆ ಕಾಯ್ದೆಯ ಪಟ್ಟಿಯಂತೆ ಶೇ 30ರ ನಷ್ಟ, ಅಂದರೆ ₹11,05,020ರಲ್ಲಿ ಶೇ 30, ₹3,31,506. ಕೆಲವು ತಿಂಗಳು ಮಾತ್ರ ಕೆಲಸ ಮಾಡಲಾಗದಿದ್ದರೆ ಹದಿನೈದು ದಿನಕ್ಕೊಮ್ಮೆ ವೇತನದ ಶೇ 25. ಹಳೇ ಕಾಯ್ದೆಯಲ್ಲಿ 2020ರ ಜನವರಿಯಿಂದ ಈ ಲೆಕ್ಕಕ್ಕೆ ತಿಂಗಳಿಗೆ ₹15 ಸಾವಿರದ ಮಿತಿ ಇತ್ತು. ಕೊಡಬೇಕಾದವರು ಒಂದು ತಿಂಗಳು ಮೀರಿದರೆ ಶೇ 12 ಬಡ್ಡಿ ಸೇರುತ್ತದೆ.

ಮುರಿತ, ಸುಟ್ಟ ಗಾಯಗಳಿಗೆ ಹೀಗೆ ಪಟ್ಟಿ ಇಲ್ಲ, ಡಾಕ್ಟರು ಶೇಕಡಾ ಎಷ್ಟು ಅಂತ ಹೇಳಬೇಕು. ಇಲ್ಲಿ ಹುಷಾರು. "ಬಲ ಮುಂಗೈ ಶೇ 30" ಅನ್ನೋದು ಬೇರೆ, "ಇಡೀ ದೇಹಕ್ಕೆ ಶೇ 10" ಅನ್ನೋದು ಬೇರೆ, "ದುಡಿಯುವ ಶಕ್ತಿಯಲ್ಲಿ ನಷ್ಟ ಎಷ್ಟು" ಅನ್ನೋದು ಇನ್ನೂ ಬೇರೆ. ಪರಿಹಾರ ನಿಲ್ಲುವುದು ಮೂರನೆಯದರ ಮೇಲೆ. ಮುಂಗೈ ತಿರುಗದಿದ್ದರೆ ಇಂಜೆಕ್ಷನ್ ಹಿಡಿಯಲು, ರಿಜಿಸ್ಟರ್ ಬರೆಯಲು, ಪಾತ್ರೆ ಇಳಿಸಲು ಆಗುತ್ತದೋ ಇಲ್ಲವೋ, ಅದನ್ನು ಡಾಕ್ಟರಿಗೆ ಬಿಡಿಸಿ ಹೇಳಿ.

ರಸ್ತೆ ಅಪಘಾತವಾದರೆ ಈ ದಾರಿ ಅಥವಾ ಮೋಟಾರು ಅಪಘಾತದ ದಾರಿ, ಎರಡರಲ್ಲಿ ಒಂದೇ. ಎರಡೂ ಕಡೆ ಹಾಕುವಂತಿಲ್ಲ. ಬ್ಯಾಂಕಿನ ವಿಮೆ ಮಾತ್ರ ಯಾವುದರ ಜೊತೆಗಾದರೂ ಕೇಳಬಹುದು. ವೈನಿಗೆ ಮೋಟಾರು ಅಪಘಾತದ ದಾರಿಯೇ ಸರಿ ಅಂತ ವಕೀಲರು ಹೇಳಿದರು, ನೌಕರರಾ ಅಲ್ಲವಾ ಅನ್ನುವ ಚರ್ಚೆಯೇ ಅಲ್ಲಿ ಬರುವುದಿಲ್ಲ.

ವಕೀಲರ ಫೀಜು

ಹೆಣ್ಣುಮಕ್ಕಳಿಗೆ ಉಚಿತ ವಕೀಲರು ಸಿಗುತ್ತಾರೆ. ಆದಾಯ ಎಷ್ಟೇ ಇರಲಿ. ಪರಿಶಿಷ್ಟ ಜಾತಿ, ಪಂಗಡದವರಿಗೂ, ಅಂಗವಿಕಲರಿಗೂ ಹಾಗೇ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಲ್ಲೇ ಇದಿದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ತಾಲ್ಲೂಕು ಕೋರ್ಟುಗಳಲ್ಲಿ ಸಮಿತಿಗಳಿವೆ. ಸಹಾಯವಾಣಿ 15100. ಯಾವ ಅರ್ಜಿ ಯಾವ ಕೋರ್ಟಿಗೆ ಅಂತಲೂ ಅಲ್ಲೇ ಹೇಳುತ್ತಾರೆ. ಮೇಲ್ಮನವಿಗೆ ಬೆಳಗಾವಿ, ಬಾಗಲಕೋಟೆಯವರು ಧಾರವಾಡ ಪೀಠಕ್ಕೆ ಹೋಗಬೇಕು, ವಿಜಯಪುರದವರು ಕಲಬುರಗಿ ಪೀಠಕ್ಕೆ.

ಆಸ್ಪತ್ರೆ ಹಾಸಿಗೆ ಹತ್ತಿರವೇ ಬಂದು "ಅರ್ಧ ನಿಮಗ, ಅರ್ಧ ನಮಗ, ಖರ್ಚೆಲ್ಲಾ ನಮ್ಮದು" ಅನ್ನುವವರು ಸಿಗುತ್ತಾರೆ. ಅವರು ಕೊಟ್ಟ ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಗಾಡಿ ಮಾಲೀಕ ಹತ್ತು ಸಾವಿರ ಕೊಟ್ಟು "ಎಲ್ಲಾ ಮುಗೀತು" ಅಂತ ಬರೆಸಿಕೊಳ್ಳಲು ಬಂದರೂ ಅಷ್ಟೇ.

ಕೊಟ್ಟ ಅರ್ಜಿಗೆ ಉತ್ತರವೇ ಬರದಿದ್ದರೆ ರಾಜ್ಯ ಸರ್ಕಾರದ ದೂರು ಸಹಾಯವಾಣಿ 1902ಕ್ಕೆ ದೂರು ಹಾಕಿ. ಅದರಿಂದಲೂ ಆಗದಿದ್ದರೆ ಮಾಹಿತಿ ಹಕ್ಕು ಅರ್ಜಿ: ಶುಲ್ಕ ₹10, ಬಿಪಿಎಲ್‌ನವರಿಗೆ ಅದೂ ಇಲ್ಲ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದದೊಳಗಿರಬೇಕು, ವಿಷಯ ಒಂದೇ ಇರಬೇಕು. "ಇಂಥ ದಿನ ನಾನು ಕೊಟ್ಟ ಅರ್ಜಿಯ ಮೇಲೆ ಏನು ಕ್ರಮವಾಗಿದೆ, ಟಿಪ್ಪಣಿ ಹಾಳೆಯ ಪ್ರತಿ ಕೊಡಿ" ಅಂತ ಕೇಳಿ. "ಯಾಕೆ ಕೊಟ್ಟಿಲ್ಲ" ಅಂತ ಕೇಳಿದರೆ, ಅದು ಮಾಹಿತಿಯಲ್ಲ ಅಂತ ಹಿಂದಕ್ಕೆ ಕಳಿಸುತ್ತಾರೆ.

ವೈನಿಯ ಕೇಸು ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಚೀಟಿ ಬರೆದ ಡಾಕ್ಟರೇ ಬಂದು, ಆ ರಾತ್ರಿ ತಮಗೆ ಹೇಳಿದ್ದು ಅಷ್ಟೇ, ಆದರೆ ಗಾಯ ಗಾಡಿಗೆ ಬಡಿದು ಆಗುವಂಥದ್ದು ಅಂತ ಸಾಕ್ಷಿ ಹೇಳಿದ್ದು ಸಹಾಯವಾಯಿತು. ಎಷ್ಟು ಬಂತು ಅಂತ ಬರೀಬ್ಯಾಡ ಅಂದಿದ್ದಾರೆ. ಆ ದುಡ್ಡಿನ ಮೊದಲ ಖರ್ಚು ಬೈಕಿನ ಹೊಸ ಹೆಡ್‌ಲೈಟು.

ಈಗ ಅವರ ಹತ್ತಿರ ನೂರು ಪುಟದ ಒಂದು ನೋಟ್‌ಬುಕ್ ಇದೆ. ಯಾವ ಮನೆಗೆ, ಎಷ್ಟಕ್ಕೆ ಹೊರಟೆ, ಯಾರು ಕರೆದರು, ಎಷ್ಟಕ್ಕೆ ಬಂದೆ. ತಿಂಗಳಿಗೊಮ್ಮೆ ಮೇಲಿನವರ ಸಹಿ ಹಾಕಿಸುತ್ತಾರೆ. ಮೊನ್ನೆ ಊರಿಗೆ ಹೋದಾಗ ತೆರೆದು ನೋಡಿದೆ. ಅಕ್ಷರ ಮೊದಲಿನಷ್ಟು ದುಂಡಗಿಲ್ಲ, ಬಲಕ್ಕೆ ವಾಲಿದೆ. ಕೊನೆಯ ಸಾಲು ಹೀಗಿತ್ತು: "ರಾತ್ರಿ 11.40. ಕೆನಾಲ್ ದಂಡಿ ತ್ವಾಟದ ಮನಿ. 108 ಬಂತು. ಕೈ ನೋವಿತ್ತು, ಆದರೂ ಹೋಗಿದ್ದೆ."